ಬೀಗ ಬಿದ್ದ ಕೋಣೆ, ಹೊಸದಾಗಿ ಬಂದ ಹೆಂಡತಿ

ಕಡುನೀಲಿ ಆಕಾಶ. ಗುಡ್ಡದ ನೆತ್ತಿಯಲ್ಲಿ ಹಳೆಯ ಬಂಗಲೆ. ಮೇಲಂತಸ್ತಿನ ಒಂದೇ ಕಿಟಕಿಯಲ್ಲಿ ದೀಪ. ನಿಲುವಂಗಿ ತೊಟ್ಟ ತರುಣಿಯೊಬ್ಬಳು ಆ ಮನೆಯಿಂದ ಓಡಿ ಬರುತ್ತಿದ್ದಾಳೆ, ಕತ್ತು ಮಾತ್ರ ಹಿಂದಕ್ಕೆ ಹೊರಳಿದೆ. 1960ರ ದಶಕದ ಅಮೆರಿಕದಲ್ಲಿ ಪೇಪರ್‌ಬ್ಯಾಕ್ ಮಾರುವ ಅಂಗಡಿಗಳಲ್ಲೆಲ್ಲ ಈ ಚಿತ್ರ ಎದುರಾಗುತ್ತಿತ್ತು. ಲೇಖಕಿ ಬೇರೆ, ಪುಸ್ತಕದ ಹೆಸರು ಬೇರೆ, ಮುಖಪುಟ ಮಾತ್ರ ಅದೇ. ಓದುಗರಿಗೆ ಅಷ್ಟು ಸಾಕಿತ್ತು. ಒಳಗೇನಿದೆ ಎಂಬುದು ಅವರಿಗೆ ಮೊದಲೇ ಗೊತ್ತು: ಹಿಂದುಮುಂದಿಲ್ಲದ ಹುಡುಗಿ, ದೊಡ್ಡ ಮನೆ, ಮುಖ ಬಿಗಿದುಕೊಂಡ ಯಜಮಾನ, ತೀರಿಹೋದ ಮೊದಲ ಹೆಂಡತಿ, ಯಾರೂ ತೆರೆಯಬಾರದ ಒಂದು ಕೋಣೆ.

ಗಾಥಿಕ್ ಪ್ರಣಯ ಕಾದಂಬರಿ ಎಂದು ಕರೆಯುವ ಈ ಬಗೆಯ ಬರಹವನ್ನು ನಾನು ಪ್ರೀತಿಯಿಂದ ಓದುತ್ತೇನೆ; ಕೊನೆಯ ಅಧ್ಯಾಯಕ್ಕೆ ಬಂದಾಗ ಎಷ್ಟೋ ಸಲ ಸಿಟ್ಟು ಬರುತ್ತದೆ. ಮನೆಯೆನ್ನುವುದು ಹೆಣ್ಣಿಗೆ ಅಪಾಯದ ಜಾಗವೂ ಆಗಬಹುದು ಎಂಬ ಮಾತನ್ನು ಇಷ್ಟು ಧೈರ್ಯವಾಗಿ, ಇಷ್ಟು ಜನರಿಗೆ ಮುಟ್ಟುವಂತೆ ಹೇಳಿದ ಜನಪ್ರಿಯ ಪ್ರಕಾರ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಕಥೆ ಮುಗಿಯುವ ಹೊತ್ತಿಗೆ ತಪ್ಪನ್ನೆಲ್ಲ ಬೇರೆ ಯಾರದೋ ತಲೆಗೆ ಕಟ್ಟಿ, ನಾಯಕಿಯನ್ನು ಅದೇ ಮನೆಗೆ ಸೊಸೆ ಮಾಡಿ ಕಳಿಸಿಬಿಡುತ್ತದೆ. ಆ ಧೈರ್ಯವೂ ಈ ಹಿಂಜರಿಕೆಯೂ ಎಲ್ಲಿಂದ ಬಂದವು ಎಂದು ನೋಡಬೇಕಾದರೆ 1764ರ ಇಂಗ್ಲೆಂಡಿಗೆ ಹೋಗಬೇಕು.

ಲಂಡನ್ನಿನ ಹತ್ತಿರ, ಥೇಮ್ಸ್ ನದಿಯ ದಂಡೆಯ ಟ್ವಿಕನ್‌ಹ್ಯಾಮ್‌ನಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಶ್ರೀಮಂತನಿದ್ದ. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಾಬರ್ಟ್ ವಾಲ್‌ಪೋಲ್‌ನ ಮಗ. ಗ್ರೀಸ್, ರೋಮಿನ ಅಚ್ಚುಕಟ್ಟಾದ ಕಂಬಗಳ ಶೈಲಿಯೇ ಮರ್ಯಾದಸ್ಥರ ಅಭಿರುಚಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವನು ತನ್ನ ಸ್ಟ್ರಾಬೆರಿ ಹಿಲ್ ಮನೆಗೆ ಮಧ್ಯಯುಗದ ಚರ್ಚುಗಳ ಚೂಪು ಕಮಾನು, ಗೋಪುರ, ಬಣ್ಣದ ಗಾಜು ಹಾಕಿಸಿದ. ಕೆಲವು ಛಾವಣಿಗಳ ಅಲಂಕಾರ ಕಲ್ಲಿನದಲ್ಲ, ಕಾಗದದ ರಾಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಂದೆ ನಿಂತು ತಲೆಯೆತ್ತಿ ನೋಡಿದವರಿಗೆ ಈ ಶೈಲಿಯ ಪರಿಚಯವಿದೆ. ಮರೆತುಹೋಗಿದ್ದ ಆ ಚೂಪು ಕಮಾನುಗಳಿಗೆ ಹೊಸ ಕಾಲದಲ್ಲಿ ಮರುಜೀವ ಬಂದದ್ದರಲ್ಲಿ ವಾಲ್‌ಪೋಲ್‌ನ ಪಾಲು ದೊಡ್ಡದು.

1764ರ ಜೂನ್‌ನಲ್ಲಿ ಅವನಿಗೊಂದು ಕನಸು ಬಿತ್ತು. ಹಳೆಯ ಕೋಟೆಯೊಂದರ ದೊಡ್ಡ ಮೆಟ್ಟಿಲ ಕಟಕಟೆಯ ಮೇಲೆ ಕಬ್ಬಿಣದ ಕವಚ ತೊಟ್ಟ ದೈತ್ಯಾಕಾರದ ಕೈ. ಅಂದು ಸಂಜೆಯೇ ಬರೆಯಲು ಕೂತ. ಆ ವರ್ಷದ ಕೊನೆಯಲ್ಲಿ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಹೊರಬಂತು. ತಾನು ಬರೆದದ್ದೆಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ಹಳೆಯ ಇಟಾಲಿಯನ್ ಪುಸ್ತಕವೊಂದರ ಅನುವಾದ ಎಂದು ಅಚ್ಚು ಹಾಕಿಸಿದ. ಜನ ಮೆಚ್ಚಿದ ಮೇಲೆ, 1765ರ ಎರಡನೇ ಮುದ್ರಣದಲ್ಲಿ, ಇದು ತನ್ನದೇ ಎಂದು ಒಪ್ಪಿಕೊಂಡು ‘ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿಸಿದ. ಪ್ರಕಾರಕ್ಕೆ ಹೆಸರು ಬಿದ್ದದ್ದು ಹೀಗೆ.

ಕಥೆಯಾಗಿ ‘ಒಟ್ರಾಂಟೊ’ ಇವತ್ತು ಓದಲು ಕಷ್ಟ. ಮದುವೆಯ ದಿನವೇ ಆಕಾಶದಿಂದ ಬಿದ್ದ ಬೃಹತ್ ಶಿರಸ್ತ್ರಾಣದಡಿ ಮದುಮಗ ಅಪ್ಪಚ್ಚಿಯಾಗುತ್ತಾನೆ. ಚಿತ್ರದಲ್ಲಿದ್ದ ಅಜ್ಜ ಚೌಕಟ್ಟು ಬಿಟ್ಟು ಇಳಿದು ನಡೆಯುತ್ತಾನೆ. ಆದರೆ ಮಗ ಸತ್ತ ಕೂಡಲೇ ತಂದೆ ಮ್ಯಾನ್‌ಫ್ರೆಡ್ ಏನು ಮಾಡುತ್ತಾನೆ ನೋಡಿ. ವಂಶಕ್ಕೆ ವಾರಸುದಾರ ಬೇಕು, ಆದ್ದರಿಂದ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಮಗನಿಗೆ ನಿಶ್ಚಯವಾಗಿದ್ದ ಇಸಬೆಲ್ಲಾಳನ್ನು ತಾನೇ ಮದುವೆಯಾಗಲು ಹೊರಡುತ್ತಾನೆ. ಅವಳು ಕೋಟೆಯ ನೆಲಮಾಳಿಗೆಯ ಸುರಂಗದಲ್ಲಿ ಓಡುತ್ತಾಳೆ, ಬೀಸಿದ ಗಾಳಿಗೆ ಕೈಯ ದೀಪ ಆರಿಹೋಗುತ್ತದೆ. ಗಾಥಿಕ್ ಕಾದಂಬರಿಗಳಲ್ಲಿ ಅಂದಿನಿಂದ ಇಂದಿನವರೆಗೂ ಆ ದೀಪ ಆರುತ್ತಲೇ ಇದೆ. ಶಿರಸ್ತ್ರಾಣ ಮರೆತುಹೋಯಿತು, ಓಟ ಉಳಿಯಿತು.

ಆ ಓಟಕ್ಕೆ ಒಳಗಿನಿಂದ ಅರ್ಥ ಕೊಟ್ಟವಳು ಆನ್ ರ‍್ಯಾಡ್‌ಕ್ಲಿಫ್. ‘ಒಟ್ರಾಂಟೊ’ ಬಂದ ವರ್ಷವೇ ಹುಟ್ಟಿದವಳು. 1794ರಲ್ಲಿ ಅವಳ ‘ದ ಮಿಸ್ಟರೀಸ್ ಆಫ್ ಉಡಾಲ್ಫೊ’ ಕಾದಂಬರಿಗೆ ಪ್ರಕಾಶಕರು 500 ಪೌಂಡ್ ಕೊಟ್ಟರು. ಮುಂದೆ 1797ರ ‘ದಿ ಇಟಾಲಿಯನ್’ಗೆ 800. ಇಂಗ್ಲೆಂಡಿನಲ್ಲಿ ಕಾದಂಬರಿಯೊಂದಕ್ಕೆ ಅಷ್ಟು ಹಣ ಸಿಗುವುದು ಆಗ ಅಪರೂಪ, ಅದೂ ಹೆಂಗಸೊಬ್ಬಳಿಗೆ. ಉಡಾಲ್ಫೊ ಕೋಟೆ ಇರುವುದು ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ. ರ‍್ಯಾಡ್‌ಕ್ಲಿಫ್ ಇಟಲಿಗೆ ಕಾಲಿಟ್ಟವಳೇ ಅಲ್ಲ. ಪ್ರವಾಸಿಗರ ಪುಸ್ತಕ ಓದಿ, ಸಾಲ್ವಟೋರ್ ರೋಸಾ, ಕ್ಲಾಡ್ ಲೊರೇನ್‌ರಂಥ ಕಲಾವಿದರ ನಿಸರ್ಗಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಟ್ಟ, ಕಂದರ, ಮುಸ್ಸಂಜೆಗಳನ್ನು ಪುಟಗಟ್ಟಲೆ ಬರೆದಳು. ಇಂದಿನ ಓದುಗರಿಗೆ ಆ ವರ್ಣನೆ ಅತಿಯಾಯಿತು ಅನ್ನಿಸುತ್ತದೆ. ನನಗೂ ಅಲ್ಲಲ್ಲಿ ಪುಟ ಹಾರಿಸಬೇಕೆನಿಸಿದ್ದುಂಟು. ಆದರೂ ಆ ನಿಧಾನದಲ್ಲೇ ಅವಳ ಕಸುಬಿದೆ. ಎಮಿಲಿ ಎಂಬ ಅನಾಥೆ ಬಂಡಿಯಲ್ಲಿ ಕೂತು ಆ ಕೋಟೆ ಸಮೀಪಿಸುವುದನ್ನು ಓದುವಾಗ, ಬೆಳಕು ಗೋಡೆಗಳಿಂದ ಮೆಲ್ಲಗೆ ಜಾರುತ್ತಿರುವಂತೆ ನಮ್ಮ ಧೈರ್ಯವೂ ಜಾರುತ್ತದೆ.

ಕೋಟೆಯ ಒಡೆಯ ಮೊಂಟೋನಿ ಎಮಿಲಿಯ ಸೋದರತ್ತೆಯ ಗಂಡ. ರಾತ್ರಿ ಎಲ್ಲಿಂದಲೋ ಸಂಗೀತ ಕೇಳುತ್ತದೆ, ಕೋಣೆಗೆ ಹೊರಗಿನಿಂದ ಮಾತ್ರ ಅಗುಳಿ ಹಾಕಬಹುದಾದ ಬಾಗಿಲೊಂದಿದೆ, ಕಪ್ಪು ಪರದೆಯ ಹಿಂದೆ ಏನೋ ಇದೆ. ಎಮಿಲಿ ಪರದೆ ಸರಿಸಿ ನೋಡಿ ಪ್ರಜ್ಞೆ ತಪ್ಪುತ್ತಾಳೆ. ಏನು ನೋಡಿದಳೆಂದು ಲೇಖಕಿ ಹೇಳುವುದಿಲ್ಲ. ನೂರಾರು ಪುಟಗಳಾದ ಮೇಲೆ, ಕಾದಂಬರಿಯ ಕೊನೆಗೆ ಬಂದಾಗ ತಿಳಿಯುತ್ತದೆ: ಅದು ಮೇಣದಲ್ಲಿ ಮಾಡಿದ ಕೊಳೆತ ಹೆಣದ ಬೊಂಬೆ, ಹಿಂದೆಂದೋ ಆ ಮನೆತನದವನೊಬ್ಬನ ಪ್ರಾಯಶ್ಚಿತ್ತಕ್ಕೆ ಇಟ್ಟಿದ್ದದ್ದು. ರ‍್ಯಾಡ್‌ಕ್ಲಿಫ್ ಕಾದಂಬರಿಗಳಲ್ಲಿ ದೆವ್ವವೆಂದು ತೋರಿದ್ದಕ್ಕೆಲ್ಲ ಕೊನೆಗೊಂದು ಲೌಕಿಕ ಕಾರಣ ಸಿಗುತ್ತದೆ. ಓದುಗರಿಗೆ ಇದರಿಂದ ನಿರಾಸೆಯಾಗುತ್ತದೆಂದು ಅವಳ ಕಾಲದಲ್ಲೇ ದೂರು ಬಂದಿತ್ತು. ಆ ದೂರು ಸರಿಯಾದದ್ದೇ. ಅಷ್ಟು ದೊಡ್ಡ ಭಯಕ್ಕೆ ಮೇಣದ ಬೊಂಬೆ ಸಾಲದು.

ಆದರೆ ಉಡಾಲ್ಫೊದಲ್ಲಿ ನಿಜವಾದ ಭಯಕ್ಕೆ ಲೌಕಿಕ ಕಾರಣ ಮೊದಲಿನಿಂದಲೂ ಕಣ್ಣೆದುರೇ ಇದೆ. ಮೊಂಟೋನಿಗೆ ಬೇಕಾದದ್ದು ಆಸ್ತಿಪತ್ರಕ್ಕೆ ಸಹಿ. ಫ್ರಾನ್ಸಿನಲ್ಲಿರುವ ತನ್ನ ಆಸ್ತಿಯನ್ನು ಬರೆದುಕೊಡಲು ಒಪ್ಪದ ಹೆಂಡತಿಯನ್ನು ಗೋಪುರದಲ್ಲಿ ಕೂಡಿಹಾಕುತ್ತಾನೆ, ಅವಳು ನರಳಿ ಸಾಯುತ್ತಾಳೆ. ಆಮೇಲೆ ಅದೇ ಕಾಗದವನ್ನು ಎಮಿಲಿಯ ಮುಂದೆ ಹಿಡಿಯುತ್ತಾನೆ. ಮದುವೆಯಾದ ಹೆಂಗಸಿನ ಹಣ, ಒಡವೆ ಗಂಡನ ಸೊತ್ತಾಗುತ್ತಿದ್ದ, ಅವಳ ಜಮೀನಿನ ಮೇಲೂ ಅವನ ಹಿಡಿತವಿರುತ್ತಿದ್ದ ಇಂಗ್ಲೆಂಡಿನಲ್ಲಿ ಇದನ್ನು ಓದಿದವರಿಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಆ ಕಾನೂನು ಗಣನೀಯವಾಗಿ ಬದಲಾಗಲು 1882ರವರೆಗೆ ಕಾಯಬೇಕಾಯಿತು. ಹಾಗಿದ್ದೂ ರ‍್ಯಾಡ್‌ಕ್ಲಿಫ್ ಈ ಅಪರಾಧವನ್ನು ಇಂಗ್ಲೆಂಡಿನಲ್ಲಿ ಇಡಲಿಲ್ಲ. ಇನ್ನೂರು ವರ್ಷ ಹಿಂದಕ್ಕೆ, ಕ್ಯಾಥೊಲಿಕ್ ಇಟಲಿಗೆ ಸಾಗಿಸಿದಳು. ‘ದಿ ಇಟಾಲಿಯನ್’ನಲ್ಲೂ ದುಷ್ಟನೊಬ್ಬ ಪಾದ್ರಿ. ಪ್ರಾಟೆಸ್ಟೆಂಟ್ ಓದುಗರು ಬೆಚ್ಚಗೆ ಕೂತು, ಇಂಥದ್ದೆಲ್ಲ ಆ ಜನರಲ್ಲಿ ನಡೆಯುತ್ತದೆ ಅಂದುಕೊಂಡು ಓದಬಹುದಿತ್ತು. ತಪ್ಪನ್ನು ಪರಕೀಯರ ತಲೆಗೆ ಕಟ್ಟುವ ಅಭ್ಯಾಸ ಈ ಪ್ರಕಾರಕ್ಕೆ ಅಂಟಿಕೊಂಡದ್ದು ಆಗಲೇ.

ಉಡಾಲ್ಫೊ ಗೆದ್ದ ಮೇಲೆ ನಕಲುಗಳು ಬರದೆ ಇರುತ್ತವೆಯೇ? ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ಎಂಬಾತ ಮಿನರ್ವಾ ಪ್ರೆಸ್ ನಡೆಸುತ್ತಿದ್ದ, ಜೊತೆಗೆ ಸರ್ಕ್ಯುಲೇಟಿಂಗ್ ಲೈಬ್ರರಿಯನ್ನೂ. ಪುಸ್ತಕದ ಬೆಲೆ ಮಧ್ಯಮ ವರ್ಗಕ್ಕೂ ಎಟುಕದಿದ್ದ ಕಾಲ. ಚಂದಾ ಕಟ್ಟಿ ಒಂದೊಂದೇ ಸಂಪುಟ ಒಯ್ದು ಓದುತ್ತಿದ್ದರು. ಒಂದು ಕಾದಂಬರಿ ಮೂರು ನಾಲ್ಕು ಸಂಪುಟವಿದ್ದಷ್ಟೂ ಲೈಬ್ರರಿಗೆ ಲಾಭ, ಹಾಗಾಗಿ ಕಥೆಯನ್ನು ಎಳೆಯುವುದೂ ರೂಢಿಯಾಯಿತು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆಯವರ ಪುಸ್ತಕಗಳನ್ನು ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಅಡಿಗೆಮನೆ ಕೆಲಸ ಮುಗಿಸಿ ಮಧ್ಯಾಹ್ನ ಓದಿದ ನಮ್ಮ ಅಮ್ಮಂದಿರಿಗೆ ಈ ಏರ್ಪಾಟು ಹೊಸದೇನಲ್ಲ. ಹೆಂಗಸರು ಕಾದಂಬರಿ ಓದಿ ತಲೆ ಕೆಡಿಸಿಕೊಳ್ಳುತ್ತಾರೆ ಎಂಬ ಗೊಣಗಾಟ ಅಲ್ಲೂ ಇತ್ತು, ಇಲ್ಲೂ ಇತ್ತು.

ಆ ಗೊಣಗಾಟಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ಜೇನ್ ಆಸ್ಟಿನ್. ಅವಳ ‘ನಾರ್ಥ್ಯಾಂಗರ್ ಆ್ಯಬಿ’ಯ ಹಸ್ತಪ್ರತಿಯನ್ನು 1803ರಲ್ಲಿ ಪ್ರಕಾಶಕನೊಬ್ಬ 10 ಪೌಂಡ್‌ಗೆ ಕೊಂಡು, ಅಚ್ಚು ಮಾಡದೆ ಇಟ್ಟುಕೊಂಡ. ಅದು ಹೊರಬಂದದ್ದು ಅವಳು ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ. ಉಡಾಲ್ಫೊ ಓದಿದ ಗುಂಗಿನಲ್ಲಿರುವ ಕ್ಯಾಥರಿನ್ ಎಂಬ ಹುಡುಗಿ ಹಳೆಯ ಬಂಗಲೆಯೊಂದಕ್ಕೆ ಅತಿಥಿಯಾಗಿ ಹೋಗಿ, ರಾತ್ರಿ ಬೀರುವಿನಲ್ಲಿ ಸಿಕ್ಕ ಗುಪ್ತ ಕಾಗದಗಳನ್ನು ನಡುಗುತ್ತಾ ಎತ್ತಿಕೊಳ್ಳುತ್ತಾಳೆ. ಬೆಳಿಗ್ಗೆ ನೋಡಿದರೆ ಅದು ಬಟ್ಟೆ ಒಗೆಸಿದ ಲೆಕ್ಕ. ಮನೆಯೊಡೆಯ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂದು ಊಹಿಸಿ ನಾಚಿಕೆಪಡುತ್ತಾಳೆ. ಆಸ್ಟಿನ್ ಗಾಥಿಕ್ ಕಾದಂಬರಿಗಳ ಗೇಲಿ ಮಾಡಿದಳು ಎಂದು ಸಾಮಾನ್ಯವಾಗಿ ಹೇಳಿ ಮುಗಿಸುತ್ತಾರೆ. ಆದರೆ ಮುಂದೆ ಏನಾಗುತ್ತದೆ? ಹುಡುಗಿ ತಾನಂದುಕೊಂಡಷ್ಟು ಶ್ರೀಮಂತೆಯಲ್ಲವೆಂದು ತಿಳಿದ ಕೂಡಲೇ ಅದೇ ಜನರಲ್ ಅವಳನ್ನು ಆಳಿನ ಜೊತೆಯೂ ಇಲ್ಲದೆ ಒಂಟಿಯಾಗಿ ಮನೆಯಿಂದ ಅಟ್ಟುತ್ತಾನೆ. ಕೊಲೆ ನಡೆದಿರಲಿಲ್ಲ. ಆದರೆ ಮನೆಯಲ್ಲೊಬ್ಬ ಕ್ರೂರಿ ಇದ್ದಾನೆ, ಅವನ ಕ್ರೌರ್ಯಕ್ಕೆ ಹಣವೇ ಕಾರಣ ಎಂದು ಉಡಾಲ್ಫೊ ಕಲಿಸಿದ ಪಾಠ ತಪ್ಪಾಗಿರಲಿಲ್ಲ. ಇಟಲಿಯಲ್ಲಿದ್ದ ಅಪರಾಧವನ್ನು ಆಸ್ಟಿನ್ ಇಂಗ್ಲೆಂಡಿನ ಊಟದ ಮೇಜಿಗೆ ತಂದಿಟ್ಟಳು.

ಅಲ್ಲಿಂದ ಮೂವತ್ತು ವರ್ಷಕ್ಕೆ, 1847ರಲ್ಲಿ, ಯಾರ್ಕ್‌ಶೈರಿನ ಹಾವರ್ತ್ ಎಂಬ ಊರಿನ ಪಾದ್ರಿಯ ಇಬ್ಬರು ಹೆಣ್ಣುಮಕ್ಕಳು ಗಂಡಸರ ಹೆಸರಿಟ್ಟುಕೊಂಡು ಎರಡು ಕಾದಂಬರಿ ಪ್ರಕಟಿಸಿದರು. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಬಗ್ಗೆ ಒಂದೇ ಮಾತು: ಅದರಲ್ಲಿನ ಒರಟ ಹೀತ್‌ಕ್ಲಿಫ್‌ನನ್ನು ಪ್ರಣಯನಾಯಕ ಮಾಡಿದ್ದು ಓದುಗರು ಮತ್ತು ಸಿನಿಮಾದವರು. ತನ್ನನ್ನು ಕಾದಂಬರಿಯ ನಾಯಕನೆಂದು ಭ್ರಮಿಸಿ ಓಡಿ ಬಂದ ಇಸಬೆಲ್ಲಾ ಎಂಬ ತರುಣಿಯನ್ನು ಹೀತ್‌ಕ್ಲಿಫ್ ತಾನೇ ಹೀನಾಯವಾಗಿ ಹಂಗಿಸುತ್ತಾನೆ. ಲೇಖಕಿ ಅಷ್ಟು ಸ್ಪಷ್ಟವಾಗಿ ಎಚ್ಚರಿಸಿದ್ದರೂ, ಒರಟ ಗಂಡಸಿನೊಳಗೆ ಆಳವಾದ ಪ್ರೀತಿ ಅಡಗಿರುತ್ತದೆ ಎಂಬ ನಂಬಿಕೆ ಈ ಪ್ರಕಾರದ ಬೆನ್ನು ಬಿಡಲಿಲ್ಲ. ಅದರ ಅತಿ ಕೆಟ್ಟ ಬಳುವಳಿ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆದರಿಸುವವನೇ ಕಾಪಾಡುವವನೂ ಹೌದು ಎಂದು ಎಳೆಯ ಓದುಗರಿಗೆ ಸಾವಿರ ಸಲ ಹೇಳಿದರೆ, ಒಂದಿಷ್ಟು ಜನರಾದರೂ ನಂಬುತ್ತಾರೆ.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಬೇರೆಯೇ ಎತ್ತರದ್ದು. ಗವರ್ನೆಸ್ ಎಂದರೆ ಆಳೂ ಅಲ್ಲದ, ಮನೆಯವಳೂ ಅಲ್ಲದ ಸ್ಥಾನ. ಊಟದ ಹೊತ್ತಿಗೆ ಎಲ್ಲಿ ಕೂರಬೇಕೆಂಬುದೇ ಪ್ರಶ್ನೆ. ಆ ಸ್ಥಾನದಲ್ಲಿ ನಿಂತು, ಚೆಂದವೂ ಇಲ್ಲದ, ಕಾಸೂ ಇಲ್ಲದ ಹುಡುಗಿ ಯಜಮಾನ ರೋಚೆಸ್ಟರ್‌ನ ಕಣ್ಣಲ್ಲಿ ಕಣ್ಣಿಟ್ಟು ನಾನು ನಿನಗೆ ಸಮ ಎನ್ನುತ್ತಾಳೆ. ಮದುವೆಯ ಮಂಟಪದಲ್ಲಿ, ಅವನಿಗೆ ಮೊದಲೇ ಹೆಂಡತಿ ಇದ್ದಾಳೆಂದು ಗೊತ್ತಾದ ಮೇಲೆ, ಪ್ರೀತಿಯಿದ್ದೂ ಅವನನ್ನು ಬಿಟ್ಟು ಹೊರಡುತ್ತಾಳೆ. ಅವಳು ಮರಳಿ ಬರುವುದು ಮೆಡೀರಾದ ಚಿಕ್ಕಪ್ಪ ಬಿಟ್ಟುಹೋದ 20,000 ಪೌಂಡನ್ನು ಸೋದರಿಕೆಯ ಮೂವರೊಂದಿಗೆ ಸಮನಾಗಿ ಹಂಚಿಕೊಂಡು, ತನ್ನ ಕಾಲ ಮೇಲೆ ತಾನು ನಿಂತ ನಂತರ. ಹಣವಿಲ್ಲದೆ ಸಮಾನತೆ ಇಲ್ಲವೆಂದು ಷಾರ್ಲೆಟ್ ಬ್ರಾಂಟೆಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಮೂರನೆಯ ಮಹಡಿಯಲ್ಲಿ ಬೀಗ ಹಾಕಿಟ್ಟ ಆ ಮೊದಲ ಹೆಂಡತಿ ಬರ್ತಾ ಮೇಸನ್? ಅವಳು ಜಮೈಕಾದ ವರ್ತಕನ ಮಗಳು. ಆಸ್ತಿಯೆಲ್ಲ ಹಿರಿಮಗನಿಗೆ ಹೋಗುವುದರಿಂದ ಕಿರಿಮಗ ರೋಚೆಸ್ಟರ್‌ಗೆ ಅವನ ತಂದೆ ಹುಡುಕಿದ ಸಂಬಂಧ, 30,000 ಪೌಂಡ್ ವರದಕ್ಷಿಣೆಯದು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ದ್ವೀಪದಿಂದ ಬಂದ ಆ ಹಣ ಇಂಗ್ಲಿಷ್ ಮನೆ ಸೇರಿತು, ಹಣ ತಂದವಳು ಅಟ್ಟ ಸೇರಿದಳು. ಕಾದಂಬರಿಯಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಅವಳು ನಾಲ್ಕು ಕಾಲಲ್ಲಿ ತೆವಳುತ್ತಾಳೆ, ಗುರುಗುಟ್ಟುತ್ತಾಳೆ. ಕೊನೆಗೆ ಮನೆಗೆ ಬೆಂಕಿಯಿಟ್ಟು, ಛಾವಣಿಯಿಂದ ಹಾರಿ ಸತ್ತು ಜೇನ್‌ಳ ಮದುವೆಗೆ ದಾರಿ ಮಾಡಿಕೊಡುತ್ತಾಳೆ. ತನಗೆ ಸಮಾನತೆ ಬೇಕೆಂದು ಅಷ್ಟು ತೀವ್ರವಾಗಿ ಕೇಳಿದ ಪುಸ್ತಕ ಇನ್ನೊಬ್ಬ ಹೆಂಗಸನ್ನು ಪ್ರಾಣಿಯಂತೆ ಕಂಡಿತು.

ಆ ಅಟ್ಟಕ್ಕೆ ಹತ್ತಿ ಹೋದದ್ದು ಜೀನ್ ರೀಸ್, 1966ರಲ್ಲಿ. ಕೆರಿಬಿಯನ್ನಿನ ಡೊಮಿನಿಕಾದಲ್ಲಿ ಹುಟ್ಟಿದ ಆಕೆ ‘ವೈಡ್ ಸರ್ಗಾಸೊ ಸೀ’ಯಲ್ಲಿ ಬರ್ತಾಳಿಗೆ ಬಾಲ್ಯ ಕೊಟ್ಟಳು, ಭಾಷೆ ಕೊಟ್ಟಳು, ಆಂಟ್ವನೆಟ್ ಎಂಬ ಹೆಸರು ಕೊಟ್ಟಳು. ಬರ್ತಾ ಎಂಬುದು ಗಂಡ ಹೇರಿದ ಹೆಸರಾಯಿತು. ಇದನ್ನು ಓದುವಾಗಲೆಲ್ಲ ನನಗೆ ತ್ರಿವೇಣಿಯವರ ‘ಶರಪಂಜರ’ ನೆನಪಾಗುತ್ತದೆ. ಅದು ಗಾಥಿಕ್ ಕಾದಂಬರಿಯಲ್ಲ, ಅಲ್ಲಿ ಕೋಟೆಯಿಲ್ಲ, ಸುರಂಗವಿಲ್ಲ. ಆದರೆ ಹುಚ್ಚಿ ಎಂಬ ಹಣೆಪಟ್ಟಿ ಹೊತ್ತ ಹೆಂಡತಿಯನ್ನು ಕಥೆಯ ಅಂಚಿನಿಂದ ನಡುಮನೆಗೆ ತಂದು, ಕಾಯಿಲೆ ವಾಸಿಯಾದ ಮೇಲೂ ಅವಳನ್ನು ನಂಬದ ಮನೆಯವರ ಕಣ್ಣುಗಳೇ ಅವಳಿಗೆ ಪಂಜರವಾಗುವುದನ್ನು ತ್ರಿವೇಣಿ ತೋರಿಸಿದರು. ಅವರು ತೀರಿಕೊಂಡದ್ದು 1963ರಲ್ಲಿ. ರೀಸ್‌ಳ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಮೈಸೂರಿನಲ್ಲಿ ಕೂತು ಬರೆದ ಆ ಲೇಖಕಿಯನ್ನು ಈ ಚರ್ಚೆಯಲ್ಲಿ ಜಗತ್ತು ನೆನೆಯುವುದಿಲ್ಲ. ನಾವಾದರೂ ನೆನೆಯಬೇಕು.

ಮತ್ತೆ ಕಥೆಯ ಎಳೆಗೆ ಬರೋಣ. 1938ರಲ್ಲಿ ಡಾಫ್ನೆ ಡು ಮೌರಿಯರ್ ‘ರೆಬೆಕ್ಕಾ’ ಬರೆದಳು. ಸೈನ್ಯಾಧಿಕಾರಿ ಗಂಡನ ಜೊತೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದಾಗ, ಕಾರ್ನ್‌ವಾಲ್‌ನ ಮಳೆಗೂ ಕಡಲಿಗೂ ಹಂಬಲಿಸುತ್ತಾ ಶುರುಮಾಡಿದ ಪುಸ್ತಕ. ಕಾರ್ನ್‌ವಾಲ್‌ನಲ್ಲಿ ಅವಳು ಮೋಹಗೊಂಡಿದ್ದ ಮೆನಬಿಲಿ ಎಂಬ ಪಾಳುಬಿದ್ದ ಮನೆಯೇ ಕಾದಂಬರಿಯ ಮ್ಯಾಂಡರ್ಲಿಗೆ ಮಾದರಿ. ನಾಯಕಿಗೆ ಹೆಸರೇ ಇಲ್ಲ. ಗಂಡನ ತೀರಿಹೋದ ಮೊದಲ ಹೆಂಡತಿ ರೆಬೆಕ್ಕಾಳ ಹೆಸರು ಮಾತ್ರ ಎಲ್ಲೆಲ್ಲೂ ಇದೆ, ಕಾಗದದ ಮೇಲೆ, ಕರವಸ್ತ್ರದ ಮೇಲೆ, ಮನೆವಾರ್ತೆ ನೋಡುವ ಮಿಸೆಸ್ ಡ್ಯಾನ್ವರ್ಸ್‌ಳ ತುಟಿಯ ಮೇಲೆ. ಹೊಸ ಮನೆಗೆ ಹೋದ ಹುಡುಗಿ ಯಾವ ಪಾತ್ರೆ ಎಲ್ಲಿಡಬೇಕೆಂದು ತಿಳಿಯದೆ, ಪ್ರತಿಯೊಂದಕ್ಕೂ ಹಿಂದಿನವಳ ಜೊತೆ ಹೋಲಿಸಿಕೊಂಡು ಕುಗ್ಗುವುದನ್ನು ಇಷ್ಟು ನಿಖರವಾಗಿ ಬರೆದವರು ಕಡಿಮೆ. ದೆವ್ವ ಬೇಕಾಗಿಲ್ಲ, ಒಡೆದ ಬೊಂಬೆಯ ಚೂರುಗಳನ್ನು ಆಕೆ ಮೇಜಿನ ಡ್ರಾಯರ್‌ನಲ್ಲಿ ಬಚ್ಚಿಡುವ ದೃಶ್ಯ ಸಾಕು ಕರುಳು ಹಿಂಡಲು.

ಇದನ್ನು ಪ್ರಣಯ ಕಥೆಯೆಂದು ಮಾರಿದ್ದು ಡು ಮೌರಿಯರ್‌ಗೆ ಹಿಡಿಸಲಿಲ್ಲ. ತಾನು ಬರೆದದ್ದು ಹೊಟ್ಟೆಕಿಚ್ಚಿನ ಕಥೆ ಎಂಬುದು ಅವಳ ನಿಲುವು. ಅವಳದು ಸರಿ. ಗಂಡ ಮ್ಯಾಕ್ಸಿಮ್ ತಾನೇ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದೆ ಎಂದು ಒಪ್ಪಿಕೊಂಡಾಗ, ಎರಡನೆಯವಳಿಗೆ ಮೊದಲು ಆಗುವುದು ಸಂತೋಷ: ಇವನು ಅವಳನ್ನು ಪ್ರೀತಿಸಿರಲೇ ಇಲ್ಲ! ಓದುವ ನಾವೂ ಅವಳ ಜೊತೆ ಸೇರಿ, ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿಹಿಡಿಯುತ್ತೇವೆ. ಪುಸ್ತಕ ಮುಚ್ಚಿದ ಮೇಲೆ ಅದು ಹೊಳೆದು ಕಸಿವಿಸಿಯಾಗುತ್ತದೆ. ಈ ಕಸಿವಿಸಿ ಲೇಖಕಿ ಬೇಕೆಂದೇ ಇಟ್ಟದ್ದು ಎಂದು ನಾನು ನಂಬುತ್ತೇನೆ. 1940ರಲ್ಲಿ ಹಿಚ್‌ಕಾಕ್ ಸಿನಿಮಾ ಮಾಡಿದಾಗ ಅದು ಇಲ್ಲವಾಯಿತು: ಹೆಂಡತಿಯನ್ನು ಕೊಂದವನು ಶಿಕ್ಷೆಯಿಲ್ಲದೆ ಉಳಿಯಬಾರದೆಂಬ ಹಾಲಿವುಡ್ ಸಂಹಿತೆಯಿಂದಾಗಿ ರೆಬೆಕ್ಕಾ ಎಡವಿ ಬಿದ್ದು ಸತ್ತಂತೆ ಬದಲಾಯಿಸಿದರು. ಆ ಸಿನಿಮಾ ಆಸ್ಕರ್ ಗೆದ್ದಿತು. ಹಿಂದಿಯಲ್ಲಿ ‘ರೆಬೆಕ್ಕಾ’ 1964ರಲ್ಲಿ ‘ಕೊಹ್ರಾ’ ಆಗಿ, ವಹೀದಾ ರೆಹಮಾನ್ ಅಭಿನಯದಲ್ಲಿ ಬಂತು.

ಅಲ್ಲಿಂದ ಅಮೆರಿಕದ ಆ ಓಡುವ ಹುಡುಗಿಯರವರೆಗೆ ದೂರವಿಲ್ಲ. 1960ರಲ್ಲಿ ಎಲಿನರ್ ಹಿಬರ್ಟ್ ಎಂಬ ಇಂಗ್ಲಿಷ್ ಲೇಖಕಿ ವಿಕ್ಟೋರಿಯಾ ಹೋಲ್ಟ್ ಎಂಬ ಹೆಸರಿನಲ್ಲಿ ‘ಮಿಸ್ಟ್ರೆಸ್ ಆಫ್ ಮೆಲ್ಲಿನ್’ ಬರೆದಳು. ಜೇನ್ ಏರ್‌ಳ ಗವರ್ನೆಸ್, ರೆಬೆಕ್ಕಾಳ ಕಾರ್ನ್‌ವಾಲ್, ಎರಡೂ ಒಟ್ಟಿಗೆ. ಪುಸ್ತಕ ಭಾರಿ ಗೆದ್ದಿತು, ಪ್ರಕಾಶಕರು ಸಾಲುಗಟ್ಟಿದರು. ಹೋಲ್ಟ್ ಕುಶಲ ಕಥೆಗಾರ್ತಿ. ಅವಳ ಪುಸ್ತಕ ಕೈಗೆತ್ತಿಕೊಂಡರೆ ಬಿಡಲಾಗುವುದಿಲ್ಲ. ಆದರೆ ಕೊನೆಯಲ್ಲಿ ಕೊಲೆಗಾರ್ತಿ ಯಾರು? ಆ ಮನೆಯ ಒಡತಿಯಾಗಬೇಕೆಂಬ ಆಸೆಯಲ್ಲಿದ್ದ ನೆರೆಯ ಹೆಂಗಸು. ಸಂಶಯವೆಲ್ಲ ಯಜಮಾನನ ಮೇಲಿತ್ತು. ಅವನು ನಿರ್ದೋಷಿ, ಮದುವೆಯಾಗಬಹುದು. 1973ರಲ್ಲಿ ಜೊವಾನಾ ರಸ್ ಎಂಬ ಅಮೆರಿಕನ್ ಲೇಖಕಿ ಇಂಥ ಪೇಪರ್‌ಬ್ಯಾಕ್‌ಗಳನ್ನು ಗುಡ್ಡೆ ಹಾಕಿಕೊಂಡು ಓದಿ ಪ್ರಬಂಧವೊಂದನ್ನು ಪ್ರಕಟಿಸಿದಳು. ಯಾರೋ ನನ್ನನ್ನು ಕೊಲ್ಲಲು ನೋಡುತ್ತಿದ್ದಾರೆ, ಅದು ನನ್ನ ಗಂಡನೇ ಇರಬೇಕು ಎಂಬುದು ಅದರ ಶೀರ್ಷಿಕೆಯ ಅರ್ಥ. ಮನೆ, ಬಿರುಸಿನ ಗಂಡಸು, ಮೆದುವಾಗಿ ಮಾತಾಡುವ ಇನ್ನೊಬ್ಬ ಗಂಡಸು, ಎದುರಾಳಿ ಹೆಂಗಸು, ಹೂತಿಟ್ಟ ಗುಟ್ಟು: ಎಲ್ಲದರಲ್ಲೂ ಇವೇ ಎಂದು ಅವಳು ಬಿಡಿಸಿ ತೋರಿಸಿದಳು. ಮನೆಯಲ್ಲೇ ಉಳಿಯುವ ಹೆಂಗಸಿಗೆ ಜನರ ಮುಖಭಾವ ಓದುವುದು, ಮನೆಮಂದಿಯ ಒಳಮಾತು ಗ್ರಹಿಸುವುದು ದಿನನಿತ್ಯದ ಕೆಲಸ. ಈ ಕಾದಂಬರಿಗಳು ಆ ಕೆಲಸವನ್ನೇ ಪ್ರಾಣ ಉಳಿಸುವ ಪತ್ತೇದಾರಿಕೆಯಾಗಿಸುತ್ತವೆ ಎಂಬುದು ಅವಳ ವಿವರಣೆ. ಇವುಗಳ ಸೆಳೆತಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ. 70ರ ದಶಕದಲ್ಲಿ ಓದುಗರು ಐತಿಹಾಸಿಕ ಪ್ರಣಯ ಕಾದಂಬರಿಗಳ ಕಡೆ ಹೊರಳಿದರು, ಆ ಮುಖಪುಟಗಳು ಹಳೆಯ ಪುಸ್ತಕದಂಗಡಿ ಸೇರಿದವು.

ಪ್ರಕಾರ ಸಾಯಲಿಲ್ಲ. ಕನ್ನಡಿಗರು ಅದನ್ನು ಮನೆಮಂದಿಯೆಲ್ಲ ಕೂತು ನೋಡಿದ್ದು 2004ರಲ್ಲಿ, ‘ಆಪ್ತಮಿತ್ರ’ದಲ್ಲಿ. ಮಧು ಮುಟ್ಟಂ ಬರೆದು ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಇದರ ಮೂಲ. ಹಳೆಯ ಅರಮನೆ, ಬೀಗ ಬಿದ್ದ ಕೋಣೆ, ಕುತೂಹಲ ತಡೆಯದ ಹೊಸ ಹೆಂಡತಿ ಗಂಗಾ. ದೆವ್ವದ ಕಾಟವೆಂದು ಮನೆಯವರು ನಡುಗಿದ್ದಕ್ಕೆ ಮನೋವೈದ್ಯ ಕೊಡುವ ಕಾರಣ ರ‍್ಯಾಡ್‌ಕ್ಲಿಫ್‌ಳ ಮೇಣದ ಬೊಂಬೆಗಿಂತ ಎಷ್ಟೋ ಮಾನವೀಯ, ಎಷ್ಟೋ ಗಟ್ಟಿ. ಗಂಗಾಳನ್ನು ಯಾರೂ ಅಟ್ಟಕ್ಕೆ ಹಾಕುವುದಿಲ್ಲ. ಗಂಡ, ಗೆಳೆಯ ಇಬ್ಬರೂ ಅವಳನ್ನು ಉಳಿಸಿಕೊಳ್ಳಲು ಹೆಣಗುತ್ತಾರೆ. ಗಂಗಾಳ ಪಾತ್ರ ಮಾಡಿದ ಸೌಂದರ್ಯ ತೀರಿಕೊಂಡ ಮೇಲೆ ತೆರೆಗೆ ಬಂದ ಆ ಚಿತ್ರದಲ್ಲಿ ಆಕೆಯ ಕಣ್ಣುಗಳನ್ನು ಮರೆತವರು ಯಾರಿದ್ದಾರೆ?

ಆದರೆ ಗಂಗಾ ತನ್ನನ್ನೇ ಯಾರೆಂದು ಭ್ರಮಿಸಿದಳೋ ಆ ನಾಗವಲ್ಲಿ? ಬೇರೆ ಸೀಮೆಯಿಂದ ರಾಜ ಕರೆತಂದ ನರ್ತಕಿ, ತೆಲುಗಿನಲ್ಲಿ ಹಾಡುವವಳು, ಬೇರೊಬ್ಬನನ್ನು ಪ್ರೀತಿಸಿದ್ದಕ್ಕೆ ಕೊಲೆಯಾದವಳು. ಅವಳ ಸೇಡು ತೀರಿತೆಂದು ಒಂದು ನಾಟಕ ಹೂಡಿ ಅವಳನ್ನು ಸಾಗಹಾಕುತ್ತಾರೆ. ಗಂಗಾ ಗುಣವಾಗುತ್ತಾಳೆ, ಅರಮನೆ ಶುದ್ಧವಾಗುತ್ತದೆ. ಜಮೈಕಾದಿಂದ ಬಂದ ಬರ್ತಾಳಿಗೆ ಅವಳ ಕಥೆ ಸಿಗಲು ನೂರಾ ಹತ್ತೊಂಬತ್ತು ವರ್ಷ ಬೇಕಾಯಿತು. ನಾಗವಲ್ಲಿ ಆ ಅರಮನೆಗೆ ಬಂದ ದಾರಿ, ಅಲ್ಲಿ ಅವಳಿಗೆ ಗೊತ್ತಿದ್ದ ಭಾಷೆ ಆಡುವವರು ಯಾರಿದ್ದರು, ಬಾಗಿಲ ಅಗುಳಿ ಹೊರಗಿತ್ತೇ ಒಳಗಿತ್ತೇ, ಇವನ್ನೆಲ್ಲ ಅವಳೇ ಹೇಳುವ ಕಾದಂಬರಿಯೊಂದನ್ನು ಕನ್ನಡದಲ್ಲಿ ಓದುವ ಆಸೆ ನನಗಿದೆ.